ಡಿಸ್ಕ್ ದೊಡ್ಡದು ಹಾಕಿದರೂ ಸರ್ವರ್‌ನಲ್ಲಿ ಜಾಗ ಹೆಚ್ಚಾಗದಿದ್ದರೆ: ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಜನವರಿ, ಫೆಬ್ರವರಿ ಅಂದರೆ ಪುರುಸೊತ್ತೇ ಇಲ್ಲದ ತಿಂಗಳುಗಳು. ಅರೇಬಿಕಾ ಪಾರ್ಚ್‌ಮೆಂಟ್ ಇನ್ನೂ ಬರುತ್ತಿರುತ್ತದೆ, ಅಷ್ಟರಲ್ಲಿ ರೊಬಸ್ಟಾ ಚೆರ್ರಿ ಶುರುವಾಗಿರುತ್ತದೆ. ತೂಕದ ಚೀಟಿ, ಮಾಯಿಶ್ಚರ್, ಔಟ್‌ಟರ್ನ್, ಬೆಳೆಗಾರರ ಖಾತೆ, ಎಲ್ಲವೂ ಆಫೀಸಿನ ಮೂಲೆಯಲ್ಲಿ ಕೂತ ಒಂದೇ ಸರ್ವರ್ ಒಳಗೆ. ಅದು ಜಾಗ ಇಲ್ಲ ಅಂದರೆ ಚೀಟಿ ಪ್ರಿಂಟ್ ಆಗುವುದಿಲ್ಲ, ಗೇಟಿನಲ್ಲಿ ಲಾರಿಗಳು ಸಾಲು ನಿಲ್ಲುತ್ತವೆ.

ಆಗ ಎಲ್ಲರಿಗೂ ಹೊಳೆಯುವುದು ದೊಡ್ಡ ಡಿಸ್ಕ್ ತಂದು ಹಾಕುವುದು. ಹಾಕಿದ ಮೇಲೂ ಜಾಗ ಮೊದಲಿನಷ್ಟೇ ತೋರಿಸಿದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕಮಗಳೂರು, ಹಾಸನದ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವವರಿಗೆ ಇದು ಮತ್ತೆ ಮತ್ತೆ ಎದುರಾಗುವ ತೊಂದರೆ. ಹೆಚ್ಚಿನ ಕಡೆ ಉಬುಂಟು ಅಥವಾ ಡೆಬಿಯನ್ ಇರುವುದರಿಂದ ಲಿನಕ್ಸ್ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಕಮಾಂಡ್‌ಗಳನ್ನು ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ, ರೂಟ್, ಅಂದರೆ ಸರ್ವರ್‌ನ ಪೂರ್ಣ ಅಧಿಕಾರದಲ್ಲಿ ಓಡಿಸಿ.

ಡಿಸ್ಕ್‌ನ ಜಾಗ ಪದರ ಪದರವಾಗಿ ಇರುತ್ತದೆ. ಕೆಳಗೆ ಡಿಸ್ಕ್. ಅದರ ಮೇಲೆ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕ್ ಎಲ್ಲೆಲ್ಲಿ ಭಾಗವಾಗಿದೆ ಅನ್ನುವ ಪಟ್ಟಿ, ಆಮೇಲೆ ಆ ಭಾಗಗಳು, ಅಂದರೆ ಪಾರ್ಟಿಷನ್. ಕೆಲವು ಸರ್ವರ್‌ಗಳಲ್ಲಿ ಅದರ ಮೇಲೆ ಎಲ್‌ವಿಎಂ, ಅಂದರೆ ಪಾರ್ಟಿಷನ್‌ಗಳ ಜಾಗ ಒಟ್ಟುಗೂಡಿಸಿ ಬೇಕಾದಷ್ಟು ಹಂಚುವ ವ್ಯವಸ್ಥೆ. ಎಲ್ಲಕ್ಕಿಂತ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಂ. ಪ್ರತಿ ಪದರವೂ ತನ್ನ ಅಳತೆಯನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಕೆಳಗಿನದು ದೊಡ್ಡದಾಯಿತು ಅಂತ ಮೇಲಿನದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ತೋಟದ ಪಕ್ಕದ ಎರಡು ಎಕರೆ ಕೊಂಡಿರಿ ಅಂತ ಇಟ್ಟುಕೊಳ್ಳಿ. ಪಹಣಿಯಲ್ಲಿ ನಿಮ್ಮ ಹೆಸರು ಬಂದ ಮಾತ್ರಕ್ಕೆ ಬೇಲಿ ಅಲ್ಲಿಗೆ ಸರಿಯುವುದಿಲ್ಲ, ಬೇಲಿ ಸರಿಸಿದ ಮಾತ್ರಕ್ಕೆ ಗಿಡ ನೆಟ್ಟಂತಾಗುವುದಿಲ್ಲ. ಇಲ್ಲೂ ಹಾಗೇ. ಹೊಸ ಜಾಗ ಯಾವ ಪದರದಲ್ಲಿ ನಿಂತಿದೆ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾಗುವ ತನಕ ಏನನ್ನೂ ಬದಲಾಯಿಸುವ ಕಮಾಂಡ್ ಕೊಡಬೇಡಿ.

ನಿಜಕ್ಕೂ ಜಾಗದ ಕೊರತೆಯೇ?

ಮೊದಲು ಇದನ್ನು ಕೊಡಿ:

ಡಿಎಫ್ -ಎಚ್

ಇದು ಫೈಲ್‌ಸಿಸ್ಟಂ ಎಷ್ಟು ದೊಡ್ಡದು, ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಇದರ ಬೆನ್ನಿಗೇ ‘ಡಿಎಫ್ -ಐ’ ಕೊಡಿ. ಅದು ಐನೋಡ್ ಲೆಕ್ಕ. ಐನೋಡ್ ಅಂದರೆ ಒಂದು ಫೈಲ್‌ನ ವಿವರ ಬರೆದಿಡುವ ದಾಖಲೆ. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಮಾಡುವಾಗ ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಐನೋಡ್ ಮೊದಲೇ ಎತ್ತಿಡುತ್ತದೆ. ಫೈಲ್ ಒಂದಕ್ಕೆ ಒಂದು ಐನೋಡ್ ಬೇಕೇ ಬೇಕು. ಲಕ್ಷಗಟ್ಟಲೆ ಚಿಕ್ಕ ಚಿಕ್ಕ ಫೈಲ್ ಬಿದ್ದಿದ್ದರೆ ಜಾಗ ಅರ್ಧ ಖಾಲಿ ಇದ್ದರೂ ‘ಜಾಗ ಇಲ್ಲ’ ಎಂಬ ಅದೇ ಎರರ್ ಬರುತ್ತದೆ. ಮೇಲ್ ಕ್ಯೂ, ಸೆಷನ್ ಫೈಲ್, ಹಳೇ ಕ್ಯಾಶ್ ಇರುವ ಫೋಲ್ಡರ್ ನೋಡಿ. ಅದಕ್ಕೆ ಮದ್ದು ಸ್ವಚ್ಛ ಮಾಡುವುದು, ಡಿಸ್ಕ್ ಕೊಳ್ಳುವುದಲ್ಲ.

ಡಿಎಫ್ ತುಂಬಿದೆ ಅನ್ನುತ್ತದೆ, ಆದರೆ ‘ಡಿಯು’ ಕೊಟ್ಟು ಫೋಲ್ಡರ್‌ಗಳನ್ನು ಕೂಡಿಸಿದರೆ ಅಷ್ಟು ಬರುವುದಿಲ್ಲ ಅಂದರೆ ಎರಡು ಅನುಮಾನ. ಒಂದು, ಯಾರೋ ದೊಡ್ಡ ಲಾಗ್ ಫೈಲ್ ಅಳಿಸಿದ್ದಾರೆ, ಆದರೆ ಒಂದು ಪ್ರೋಗ್ರಾಂ ಅದನ್ನು ಇನ್ನೂ ತೆರೆದು ಹಿಡಿದಿದೆ. ಹೆಸರು ಹೋಗಿರುತ್ತದೆ, ಜಾಗ ಹೋಗಿರುವುದಿಲ್ಲ. ‘ಎಲ್‌ಎಸ್‌ಒಎಫ್ +ಎಲ್1’ ಕೊಟ್ಟರೆ ಅಂಥ ಫೈಲ್‌ಗಳ ಪಟ್ಟಿ ಸಿಗುತ್ತದೆ. ಇಲ್ಲಿ ಎಲ್ ಮಾತ್ರ ದೊಡ್ಡ ಅಕ್ಷರ. ಆ ಸರ್ವಿಸ್ ಅನ್ನು ರಿಸ್ಟಾರ್ಟ್ ಮಾಡಿದ ಕೂಡಲೇ ಜಾಗ ವಾಪಸ್ ಬರುತ್ತದೆ.

ಎರಡನೆಯದು ನಮ್ಮ ಮಲೆನಾಡಿನ ಕಡೆ ತುಂಬಾ ಸಿಗುವಂಥದ್ದು. ಬ್ಯಾಕಪ್‌ಗೆ ಒಂದು ಯುಎಸ್‌ಬಿ ಡಿಸ್ಕ್ ಇರುತ್ತದೆ, ಅದು ‘/ಬ್ಯಾಕಪ್’ ಅನ್ನುವ ಫೋಲ್ಡರ್‌ಗೆ ಮೌಂಟ್ ಆಗಿರುತ್ತದೆ, ಅಂದರೆ ಆ ಫೋಲ್ಡರ್ ತೆರೆದರೆ ಡಿಸ್ಕ್ ಒಳಗಿನದು ಕಾಣುತ್ತದೆ. ಮಳೆಗೆ ಕರೆಂಟ್ ಹೋಗಿ ಬಂದು ಸರ್ವರ್ ಮತ್ತೆ ಎದ್ದಾಗ ಯುಎಸ್‌ಬಿ ಡಿಸ್ಕ್ ಏಳುವುದು ತಡವಾಗುತ್ತದೆ, ಮೌಂಟ್ ಆಗುವುದಿಲ್ಲ. ರಾತ್ರಿ ಬ್ಯಾಕಪ್ ಮಾತ್ರ ಎಂದಿನಂತೆ ಓಡುತ್ತದೆ, ಬರೆಯುವುದು ಸರ್ವರ್‌ನ ಸ್ವಂತ ಡಿಸ್ಕ್‌ನ ಖಾಲಿ ಫೋಲ್ಡರ್ ಒಳಗೆ. ಆಮೇಲೆ ಯಾರೋ ಬಂದು ಯುಎಸ್‌ಬಿ ಡಿಸ್ಕ್ ಮೌಂಟ್ ಮಾಡುತ್ತಾರೆ. ಅಡಿಯಲ್ಲಿ ಬಿದ್ದ ಬ್ಯಾಕಪ್ ಯಾರ ಕಣ್ಣಿಗೂ ಬೀಳುವುದಿಲ್ಲ, ಜಾಗ ಮಾತ್ರ ತಿಂದಿರುತ್ತದೆ. ಕಂಡುಹಿಡಿಯಲು ರೂಟ್ ಫೈಲ್‌ಸಿಸ್ಟಂ, ಅಂದರೆ ‘/’ ಅನ್ನೇ ಇನ್ನೊಂದು ಕಡೆ ತೆರೆಯಿರಿ:

ಮೌಂಟ್ --ಬೈಂಡ್ / /ಎಂಎನ್‌ಟಿ
ಡಿಯು -ಎಸ್‌ಎಚ್ /ಎಂಎನ್‌ಟಿ/ಬ್ಯಾಕಪ್

ಅಲ್ಲಿ ಗಿಗಾಬೈಟ್‌ಗಟ್ಟಲೆ ಕಂಡರೆ ಕಳ್ಳ ಸಿಕ್ಕ ಹಾಗೆ. ಬ್ಯಾಕಪ್ ಸ್ಕ್ರಿಪ್ಟ್‌ನ ಮೊದಲ ಸಾಲಿಗೇ ‘ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್’ ಪರೀಕ್ಷೆ ಸೇರಿಸಿ. ಮೌಂಟ್ ಆಗಿಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಇದೊಂದು ಸಾಲು ಇಲ್ಲದೆ ಡಿಸ್ಕ್ ಬದಲಾಯಿಸಿದವರನ್ನು ನೋಡಿದ್ದೇನೆ, ದುಡ್ಡು ಸುಮ್ನೆ ಹೋಯಿತಲ್ಲ ಅಂತ ಬೇಜಾರಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಅಂತ ಮೀಸಲು ಇಡುತ್ತದೆ. ಹಾಗಾಗಿ ಡಿಎಫ್‌ನಲ್ಲಿ ಬಳಸಿದ್ದು ಮತ್ತು ಉಳಿದದ್ದು ಕೂಡಿಸಿದರೆ ಒಟ್ಟಿಗೆ ಸಮ ಬರುವುದಿಲ್ಲ. ಅದು ದೋಷವಲ್ಲ. ಬರೀ ಡೇಟಾ ಇಡುವ ಪಾರ್ಟಿಷನ್ ಆದರೆ ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಶೇ 1ಕ್ಕೆ ಇಳಿಸಬಹುದು. ರೂಟ್ ಪಾರ್ಟಿಷನ್‌ನಲ್ಲಿ ಅದನ್ನು ಮುಟ್ಟದಿದ್ದರೆ ಒಳ್ಳೆಯದು. ಡಿಸ್ಕ್ ತುಂಬಿದ ದಿನ ಲಾಗಿನ್ ಆಗಿ ಸರಿಪಡಿಸಲು ಆ ಮೀಸಲೇ ಬೇಕಾಗುತ್ತದೆ.

ಪದರಗಳನ್ನು ಓದುವುದು

ಹೋದ ಸೀಸನ್‌ನಲ್ಲಿ ಒಂದು ಕ್ಯೂರಿಂಗ್ ಆಫೀಸಿನಿಂದ ಫೋನ್ ಬಂತು. 240 ಜಿಬಿಯ ಎಸ್‌ಎಸ್‌ಡಿ ತುಂಬಿತ್ತು, 1 ಟಿಬಿಯದು ತಂದು ಹಳೆಯದನ್ನು ಹಾಗೇ ಕ್ಲೋನ್ ಮಾಡಿ ಹಾಕಿದ್ದರು. ಲೆಕ್ಕ ಬರೆಯುವ ಮೇಡಂ, ‘ಸಾರ್, ಹೊಸ ಡಿಸ್ಕ್ ಹಾಕಿದ್ರಲ್ಲ, ಇವತ್ತೂ ಫುಲ್ ಅಂತಾನೇ ಬರ್ತಿದೆ. ಚೀಟಿ ಕೈಯಲ್ಲಿ ಬರೀತಾ ಇದೀವಿ’ ಅಂದರು. ಕ್ಲೋನ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕ್ಲೋನ್ ಅಂದರೆ ಇದ್ದದ್ದು ಇದ್ದ ಹಾಗೆ ನಕಲಾಗುವುದು, ಹಳೇ ಅಳತೆಗಳೂ ಸೇರಿ.

ಇಂಥ ಕಡೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ‘ಎಲ್‌ಎಸ್‌ಬಿಎಲ್‌ಕೆ’. ಅದು ಏನನ್ನೂ ಬದಲಾಯಿಸುವುದಿಲ್ಲ, ಬರೀ ತೋರಿಸುತ್ತದೆ. ಅಲ್ಲಿ ಕಂಡದ್ದು ಹೀಗಿತ್ತು:

ಎಸ್‌ಡಿಎ – 931.5ಜಿ – ಡಿಸ್ಕ್
ಎಸ್‌ಡಿಎ1 – 1ಜಿ – /ಬೂಟ್/ಇಎಫ್‌ಐ
ಎಸ್‌ಡಿಎ2 – 214.5ಜಿ – /
ಎಸ್‌ಡಿಎ3 – 8ಜಿ – ಸ್ವಾಪ್

1 ಟಿಬಿ ಅಂತ ಕೊಂಡದ್ದು 931.5 ಯಾಕಾಯಿತು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಕಂಪನಿಗಳು ಸಾವಿರದ ಲೆಕ್ಕದಲ್ಲಿ ಎಣಿಸುತ್ತವೆ, ಈ ಕಮಾಂಡ್ 1024ರ ಲೆಕ್ಕದಲ್ಲಿ. ಹಾಗೇ 240 ಜಿಬಿ ಇಲ್ಲಿ 223.5 ಆಗುತ್ತದೆ. ಈಗ ಮೂರು ಪಾರ್ಟಿಷನ್ ಕೂಡಿಸಿ: 1, 214.5, 8. ಸರಿಯಾಗಿ 223.5. ಡಿಸ್ಕ್ 931.5 ಅಂತ ಸರ್ವರ್‌ಗೆ ಗೊತ್ತು. ಪಾರ್ಟಿಷನ್‌ಗಳು ಮಾತ್ರ ಹಳೇ ಡಿಸ್ಕ್‌ನ ಗಡಿಯೊಳಗೇ ಇವೆ. 708 ಜಿಬಿ ಕೊನೆಯಲ್ಲಿ ಯಾರಿಗೂ ಸೇರದೆ ಬಿದ್ದಿದೆ. ಅಂದರೆ ತಡೆ ಇರುವುದು ಪಾರ್ಟಿಷನ್ ಪದರದಲ್ಲಿ.

‘ಎಫ್‌ಡಿಸ್ಕ್ -ಎಲ್ /ಡೆವ್/ಎಸ್‌ಡಿಎ’ ಕೊಟ್ಟಾಗ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು. ಜಿಪಿಟಿ ಪಿಎಂಬಿಆರ್ ಅಳತೆ ಹೊಂದುತ್ತಿಲ್ಲ, 468862127 ಎಲ್ಲಿ, 1953525167 ಎಲ್ಲಿ ಅನ್ನುವ ಅರ್ಥದ್ದು. ಜಿಪಿಟಿ ಅಂದರೆ ಈಗಿನ ಬಗೆಯ ಪಾರ್ಟಿಷನ್ ಟೇಬಲ್, ಪಿಎಂಬಿಆರ್ ಅದರ ಮೊದಲ ಸೆಕ್ಟರ್‌ನ ದಾಖಲೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಹೆದರುವಂಥದ್ದೇನಿಲ್ಲ. ಇವು ಕೊನೆಯ ಸೆಕ್ಟರ್‌ನ ನಂಬರ್‌ಗಳು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಮೊದಲನೆಯದಕ್ಕೆ ಒಂದು ಕೂಡಿಸಿ, ಸೆಕ್ಟರ್‌ಗೆ 512 ಬೈಟ್‌ನಂತೆ ಗುಣಿಸಿ. 240,057,409,536 ಬೈಟ್ ಬರುತ್ತದೆ, ಅದು ಹಳೇ 240 ಜಿಬಿ ಡಿಸ್ಕ್. ಎರಡನೆಯದಕ್ಕೂ ಹಾಗೇ ಮಾಡಿದರೆ 1,000,204,886,016, ಅದು ಹೊಸದು. ಟೇಬಲ್ ಇನ್ನೂ ಹಳೇ ಡಿಸ್ಕ್‌ನಲ್ಲೇ ಇದ್ದೇನೆ ಅಂದುಕೊಂಡಿದೆ, ಅಷ್ಟೇ.

ಜಿಪಿಟಿ ತನ್ನ ಟೇಬಲ್‌ನ ಎರಡನೇ ಪ್ರತಿಯನ್ನು ಡಿಸ್ಕ್‌ನ ಕಟ್ಟಕಡೆಯಲ್ಲಿ ಇಡುತ್ತದೆ. ಕ್ಲೋನ್ ಆದಾಗ ಆ ಪ್ರತಿ ಹಳೇ ಕೊನೆಯಲ್ಲೇ, ಅಂದರೆ ಹೊಸ ಡಿಸ್ಕ್‌ನ ನಡುವೆ ಎಲ್ಲೋ ಉಳಿಯುತ್ತದೆ. ‘ಪಾರ್ಟೆಡ್’ ತೆರೆದರೆ ಅದೂ ಇದನ್ನೇ ಹೇಳಿ, ಫಿಕ್ಸ್ ಮಾಡಲೋ ಇಗ್ನೋರ್ ಮಾಡಲೋ ಅಂತ ಕೇಳುತ್ತದೆ. ಫಿಕ್ಸ್ ಅನ್ನಿ. ‘ಎಸ್‌ಜಿಡಿಸ್ಕ್ -ಇ /ಡೆವ್/ಎಸ್‌ಡಿಎ’ ಕೊಟ್ಟರೂ ಅದೇ ಕೆಲಸ ಆಗುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ.

ಕೈ ಹಾಕುವ ಮುಂಚೆ

ಡೇಟಾದ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಇದ್ದರೆ ಸಾಲದು, ಅದರಿಂದ ಒಂದು ಫೈಲ್ ತೆಗೆದು ತೆರೆದು ನೋಡಿ. ಆಮೇಲೆ ಪಾರ್ಟಿಷನ್ ಟೇಬಲ್‌ನ ನಕಲು:

ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ > ಟೇಬಲ್.ಟಿಎಕ್ಸ್‌ಟಿ

ಕೆಲವೇ ಸಾಲುಗಳ ಫೈಲ್ ಇದು. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮೊಬೈಲ್‌ನಲ್ಲಿ ಒಂದು ಫೋಟೋ ಕೂಡ ತೆಗೆದಿಟ್ಟುಕೊಳ್ಳಿ. ಪ್ರತಿ ಪಾರ್ಟಿಷನ್ ಯಾವ ಸೆಕ್ಟರ್‌ನಿಂದ ಶುರು ಅನ್ನುವುದು ಇದರಲ್ಲಿರುತ್ತದೆ. ಮುಂದೆ ಏನೇ ಎಡವಟ್ಟಾದರೂ ಈ ನಂಬರ್‌ಗಳಿಂದಲೇ ಸರಿಪಡಿಸಬೇಕು. ಇದನ್ನು ಅದೇ ಡಿಸ್ಕ್‌ನಲ್ಲಿ ಇಟ್ಟರೆ ಬೇಕಾದಾಗ ಸಿಗುವುದಿಲ್ಲ.

ಹಳೇ ಡಿಸ್ಕ್ ಆದರೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಆರೋಗ್ಯ ನೋಡಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ ಏರುತ್ತಿದ್ದರೆ ಆ ಡಿಸ್ಕ್‌ನಲ್ಲಿ ಪಾರ್ಟಿಷನ್ ಹಿಗ್ಗಿಸುವ ಮಾತೇ ಬೇಡ, ಡೇಟಾ ಹೊರಗೆ ತೆಗೆಯಿರಿ.

ದಾರಿಗೆ ಅಡ್ಡ ನಿಂತ ಸ್ವಾಪ್

ಆ ಆಫೀಸಿನಲ್ಲಿ ಡಿಸ್ಕ್ ಬದಲಾಯಿಸಿದವರು ಪಾರ್ಟಿಷನ್ ಹಿಗ್ಗಿಸುವ ‘ಗ್ರೋಪಾರ್ಟ್’ ಕೊಟ್ಟು ನೋಡಿದ್ದರಂತೆ. ‘ನೋಚೇಂಜ್’ ಅಂತ ಬಂದು ನಿಂತಿದೆ. ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿ. ಹಿಗ್ಗಬೇಕಾದದ್ದು ಎಸ್‌ಡಿಎ2. ಅದರ ಬಲಕ್ಕೆ ಅಂಟಿಕೊಂಡು ಎಸ್‌ಡಿಎ3 ಕೂತಿದೆ. ಖಾಲಿ ಜಾಗ ಎಸ್‌ಡಿಎ3ರ ಆಚೆಗೆ. ಪಾರ್ಟಿಷನ್ ತನ್ನ ಬಲಕ್ಕೆ ಅಂಟಿದ ಖಾಲಿ ಜಾಗಕ್ಕೆ ಮಾತ್ರ ಹಿಗ್ಗಬಲ್ಲದು, ಇನ್ನೊಂದನ್ನು ದಾಟಿ ಹೋಗಲಾರದು.

ಅಡ್ಡ ಇರುವುದು ಸ್ವಾಪ್ ಆದ್ದರಿಂದ ಸುಲಭ. ಸ್ವಾಪ್ ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ, ಅದರಲ್ಲಿ ಉಳಿಸಿಕೊಳ್ಳಬೇಕಾದ ಡೇಟಾ ಇರುವುದಿಲ್ಲ. ಮೊದಲು ‘ಎಫ್‌ಆರ್‌ಇಇ -ಎಚ್’ ಕೊಟ್ಟು ಮೆಮೊರಿ ಸಾಕಷ್ಟು ಖಾಲಿ ಇದೆಯಾ ನೋಡಿಕೊಳ್ಳಿ. ಆಮೇಲೆ ಒಂದೊಂದಾಗಿ:

ಸ್ವಾಪ್‌ಆಫ್ -ಎ
ಎಸ್‌ಜಿಡಿಸ್ಕ್ -ಇ /ಡೆವ್/ಎಸ್‌ಡಿಎ
ಎಸ್‌ಜಿಡಿಸ್ಕ್ -ಡಿ 3 /ಡೆವ್/ಎಸ್‌ಡಿಎ
ಪಾರ್ಟ್‌ಪ್ರೋಬ್ /ಡೆವ್/ಎಸ್‌ಡಿಎ
ಗ್ರೋಪಾರ್ಟ್ /ಡೆವ್/ಎಸ್‌ಡಿಎ 2
ರಿಸೈಜ್2ಎಫ್‌ಎಸ್ /ಡೆವ್/ಎಸ್‌ಡಿಎ2

ಗ್ರೋಪಾರ್ಟ್‌ನಲ್ಲಿ ಡಿಸ್ಕ್ ಹೆಸರಿಗೂ ಪಾರ್ಟಿಷನ್ ನಂಬರ್‌ಗೂ ನಡುವೆ ಜಾಗ ಬಿಡಬೇಕು. ರಿಸೈಜ್2ಎಫ್‌ಎಸ್‌ನಲ್ಲಿ ಬಿಡಬಾರದು. ಇದರಲ್ಲಿ ತಪ್ಪುವವರೇ ಜಾಸ್ತಿ. ಎನ್‌ವಿಎಂಇ ಡಿಸ್ಕ್ ಆದರೆ ಹೆಸರು ಎನ್‌ವಿಎಂಇ0ಎನ್1, ಎರಡನೇ ಪಾರ್ಟಿಷನ್ ಎನ್‌ವಿಎಂಇ0ಎನ್1ಪಿ2. ಗ್ರೋಪಾರ್ಟ್ ಇಲ್ಲದಿದ್ದರೆ ಉಬುಂಟು, ಡೆಬಿಯನ್‌ನಲ್ಲಿ ಕ್ಲೌಡ್-ಗೆಸ್ಟ್-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ.

ಪ್ರತಿ ಹೆಜ್ಜೆಯ ನಂತರ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ನೋಡಿ ಅಂತ ಒತ್ತಿ ಹೇಳುತ್ತೇನೆ. ಎಸ್‌ಡಿಎ2 ಮುಂದೆ 930.5ಜಿ ಕಂಡರೆ ಪಾರ್ಟಿಷನ್ ಪದರ ದಾಟಿದ ಹಾಗೆ. ಆಗಲೂ ಡಿಎಫ್‌ನಲ್ಲಿ ಹಳೇ ಲೆಕ್ಕವೇ ಇರುತ್ತದೆ, ಗಾಬರಿಯಾಗಬೇಡಿ. ಫೈಲ್‌ಸಿಸ್ಟಂ ಇನ್ನೂ ಹಿಗ್ಗಿಲ್ಲ. ರಿಸೈಜ್2ಎಫ್‌ಎಸ್ ಮುಗಿದ ಮೇಲಷ್ಟೇ ಡಿಎಫ್ ಬದಲಾಗುವುದು. ಇಎಕ್ಸ್‌ಟಿ4 ಹಿಗ್ಗಿಸಲು ಸರ್ವರ್ ನಿಲ್ಲಿಸಬೇಕಾಗಿಲ್ಲ, ಆಫೀಸಿನವರು ಕೆಲಸ ಮಾಡುತ್ತಿರುವಾಗಲೇ ಆಗುತ್ತದೆ. ಡಿವೈಸ್ ಬ್ಯುಸಿ ಅಂತ ಬಂದು ಕರ್ನಲ್ ಹಳೇ ಟೇಬಲ್ಲನ್ನೇ ಹಿಡಿದುಕೊಂಡಿದ್ದರೆ ‘ಪಾರ್ಟ್‌ಎಕ್ಸ್ -ಯು’ ಕೊಡಿ, ಅದಕ್ಕೂ ಬಗ್ಗದಿದ್ದರೆ ಆಫೀಸ್ ಮುಗಿದ ಮೇಲೆ ರೀಬೂಟ್ ಮಾಡಿ.

ಹೋದ ಸ್ವಾಪ್‌ಗೆ ಬದಲು ಸ್ವಾಪ್ ಫೈಲ್ ಮಾಡಿ. ‘ಎಫ್‌ಅಲೊಕೇಟ್ -ಎಲ್ 8ಜಿ /ಸ್ವಾಪ್‌ಫೈಲ್’, ಆಮೇಲೆ ‘ಸಿಎಚ್‌ಮಾಡ್ 600’, ‘ಎಂಕೆಸ್ವಾಪ್’, ‘ಸ್ವಾಪ್‌ಆನ್’. ಇಲ್ಲಿ 8ರ ಮುಂದಿನ ಜಿ ದೊಡ್ಡ ಅಕ್ಷರ. ಮುಂದೆ ಮತ್ತೆ ಡಿಸ್ಕ್ ಹಿಗ್ಗಿಸುವಾಗ ಫೈಲ್ ಅಡ್ಡ ಬರುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂತ ಎದ್ದು ಹೋಗಬಾರದು. ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಅಂದರೆ ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಫೈಲ್‌ನಲ್ಲಿ ಹಳೇ ಸ್ವಾಪ್‌ನ ಯುಯುಐಡಿ (ಗುರುತಿನ ನಂಬರ್) ಹಾಗೇ ಇರುತ್ತದೆ. ಆ ಸಾಲು ತೆಗೆದು ಸ್ವಾಪ್‌ಫೈಲ್‌ನ ಸಾಲು ಹಾಕಿ. ಬಿಟ್ಟರೆ ಮುಂದಿನ ಬೂಟ್‌ನಲ್ಲಿ ಸಿಸ್ಟಂಡಿ ಆ ಡಿವೈಸ್ ಬರುತ್ತದೆ ಅಂತ ಒಂದೂವರೆ ನಿಮಿಷ ಕಾಯುತ್ತದೆ. ಇನ್ನೊಂದು ಜಾಗ ಯಾರಿಗೂ ನೆನಪಿರುವುದಿಲ್ಲ: ‘/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್’. ಅಲ್ಲೂ ಹಳೇ ಸ್ವಾಪ್‌ನ ಯುಯುಐಡಿ ಇದ್ದರೆ ಬೂಟ್ ಆಗುವಾಗ ಸಸ್ಪೆಂಡ್-ರೆಸ್ಯೂಮ್ ಡಿವೈಸ್‌ಗೆ ಕಾದು ಸಾಕಾಯಿತು ಅನ್ನುವ ಮೆಸೇಜ್ ಬರುತ್ತದೆ. ರೆಸ್ಯೂಮ್=ನನ್ ಅಂತ ಬದಲಿಸಿ (ಇಲ್ಲಿ ರೆಸ್ಯೂಮ್ ಪೂರ್ತಿ ದೊಡ್ಡ ಅಕ್ಷರ), ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ. ಪಾರ್ಟಿಷನ್ ಬದಲಾಯಿಸಿದ ಮೇಲೆ ಸರ್ವರ್ ನಿಧಾನ ಬೂಟ್ ಆಗ್ತಿದೆ ಅನ್ನುವ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಎರಡು ಫೈಲ್.

ಅಡ್ಡ ಇರುವುದು ಡೇಟಾ ಪಾರ್ಟಿಷನ್ ಆದರೆ ಕಥೆ ಬೇರೆ. ಜಿಪಾರ್ಟೆಡ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅದನ್ನು ಬಲಕ್ಕೆ ಸರಿಸಬಹುದು. ಸರಿಸುವುದು ಅಂದರೆ ಒಳಗಿನ ಡೇಟಾ ಪೂರ್ತಿ ಬೇರೆ ಜಾಗಕ್ಕೆ ಬರೆಯುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಡೇಟಾ ಅರ್ಧ ಅಲ್ಲಿ ಅರ್ಧ ಇಲ್ಲಿ. ನನ್ನ ಮಟ್ಟಿಗೆ, ಬ್ಯಾಕಪ್ ತೆಗೆದು ಹೊಸದಾಗಿ ಪಾರ್ಟಿಷನ್ ಮಾಡಿ ವಾಪಸ್ ಹಾಕುವುದೇ ನೆಮ್ಮದಿ.

ಎಲ್‌ವಿಎಂ ಇದ್ದರೆ

ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ‘ಎಲ್‌ವಿಎಂ’ ಅನ್ನುವ ಪದ ಕಂಡರೆ ಹೊಸ ಡಿಸ್ಕ್‌ಗೆ ಆರ್ಡರ್ ಕೊಡುವ ಮುಂಚೆ ದಯವಿಟ್ಟು ‘ವಿಜಿಎಸ್’ ಅಂತ ಒಂದು ಕಮಾಂಡ್ ಕೊಡಿ. ಹಾಸನದಲ್ಲಿ ಒಂದು ಆಫೀಸಿನವರು 1 ಟಿಬಿ ಡಿಸ್ಕ್ ತುಂಬಿದೆ ಅಂತ ಇನ್ನೊಂದು ಡಿಸ್ಕ್‌ಗೆ ಕೊಟೇಶನ್ ತರಿಸಿದ್ದರು. ವಿಜಿಎಸ್‌ನ ಕೊನೆಯ ಕಾಲಂ ವಿಫ್ರೀ. ಅದರಲ್ಲಿ ಎಂಟುನೂರಕ್ಕೂ ಹೆಚ್ಚು ಜಿಬಿ ಖಾಲಿ ಇತ್ತು.

ಕಾರಣ ಉಬುಂಟು ಸರ್ವರ್‌ನ ಇನ್‌ಸ್ಟಾಲರ್. ಎಲ್‌ವಿಎಂ ಆಯ್ಕೆಯಲ್ಲಿ ಏನೂ ಬದಲಾಯಿಸದೆ ಮುಂದೆ ಮುಂದೆ ಅಂತ ಒತ್ತುತ್ತಾ ಹೋದರೆ ಅದು ರೂಟ್‌ಗೆ ಎಲ್ಲ ಜಾಗ ಕೊಡುವುದಿಲ್ಲ. 20ರಿಂದ 200 ಜಿಬಿ ಇದ್ದರೆ ಅರ್ಧ ಕೊಡುತ್ತದೆ. 200 ದಾಟಿದರೆ ಡಿಸ್ಕ್ ಎಷ್ಟೇ ದೊಡ್ಡದಿರಲಿ, ಬರೀ 100 ಜಿಬಿ. ಉಳಿದದ್ದು ವಾಲ್ಯೂಮ್ ಗ್ರೂಪ್‌ನಲ್ಲಿ, ಅಂದರೆ ಎಲ್‌ವಿಎಂ ಒಟ್ಟುಗೂಡಿಸಿದ ಜಾಗದಲ್ಲಿ, ಹಾಗೇ ಇರುತ್ತದೆ. ಹಾಳೇನೂ ಆಗಿಲ್ಲ, ಎತ್ತಿಕೊಂಡಿಲ್ಲ ಅಷ್ಟೇ.

ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +200ಜಿ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ

ಇಲ್ಲಿ -ಎಲ್ ಕೂಡ ದೊಡ್ಡ ಅಕ್ಷರ, 200ರ ಮುಂದಿನ ಜಿ ಕೂಡ. -ಆರ್ ಕೊಟ್ಟರೆ ಫೈಲ್‌ಸಿಸ್ಟಂ ಕೂಡ ಜೊತೆಗೇ ಹಿಗ್ಗುತ್ತದೆ, ಇಎಕ್ಸ್‌ಟಿ4 ಆದರೂ ಸರಿ, ಎಕ್ಸ್‌ಎಫ್‌ಎಸ್ ಆದರೂ ಸರಿ. ಸಿಕ್ಕಿತು ಅಂತ ಪೂರ್ತಿ ಬಳಿದು ರೂಟ್‌ಗೆ ಕೊಡಬೇಡಿ. ಸ್ನ್ಯಾಪ್‌ಶಾಟ್‌ಗೆ (ಆ ಕ್ಷಣದ ಸ್ಥಿತಿಯ ನಕಲಿಗೆ), ನಾಳೆ ಇನ್ನೊಂದು ವಾಲ್ಯೂಮ್ ಬೇಕಾದರೆ, ಸ್ವಲ್ಪ ಉಳಿದಿರಲಿ. ಹಿಗ್ಗಿಸುವುದು ಒಂದು ನಿಮಿಷದ ಕೆಲಸ, ಕುಗ್ಗಿಸುವುದು ಹಾಗಲ್ಲ.

ಕ್ಲೋನ್ ಮಾಡಿ ಡಿಸ್ಕ್ ದೊಡ್ಡದಾಗಿದ್ದರೆ ನಡುವೆ ಒಂದು ಹೆಜ್ಜೆ ಜಾಸ್ತಿ. ಗ್ರೋಪಾರ್ಟ್ ಆದ ಮೇಲೆ ‘ಪಿವಿರಿಸೈಜ್ /ಡೆವ್/ಎಸ್‌ಡಿಎ3’, ಅಥವಾ ಯಾವ ಪಾರ್ಟಿಷನ್‌ನಲ್ಲಿ ಎಲ್‌ವಿಎಂ ಇದೆಯೋ ಅದು. ಆಗ ವಿಜಿಎಸ್‌ನಲ್ಲಿ ವಿಫ್ರೀ ಏರುತ್ತದೆ. ಏರದಿದ್ದರೆ ಎಲ್‌ವಿಎಕ್ಸ್‌ಟೆಂಡ್ ಕೊಟ್ಟು ಪ್ರಯೋಜನವಿಲ್ಲ, ಕೆಳಗಿನ ಪದರಕ್ಕೆ ವಾಪಸ್ ಹೋಗಿ.

ಎರರ್ ಬಂದಾಗ

ರಿಸೈಜ್2ಎಫ್‌ಎಸ್ ‘ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್‌ಬ್ಲಾಕ್’ ಅಂದರೆ ಡಿಸ್ಕ್ ಹಾಳಾಯಿತು ಅಂತ ಅಲ್ಲ. ಹೆಚ್ಚಾಗಿ ಅಲ್ಲಿರುವುದು ಇಎಕ್ಸ್‌ಟಿ ಫೈಲ್‌ಸಿಸ್ಟಂ ಆಗಿರುವುದಿಲ್ಲ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ಯಾವ ಬಗೆಯದು ಅಂತ ನೋಡಿ. ಎಕ್ಸ್‌ಎಫ್‌ಎಸ್ ಇದ್ದರೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ /’ ಕೊಡಬೇಕು. ಅದಕ್ಕೆ ಡಿವೈಸ್ ಹೆಸರಿನ ಬದಲು ಮೌಂಟ್ ಆದ ಜಾಗ ಕೊಡಿ. ರೆಡ್ ಹ್ಯಾಟ್‌ನ ಏಳನೇ ಆವೃತ್ತಿಯಿಂದ, ಅಂದರೆ 2014ರಿಂದ, ಆ ಕುಟುಂಬದ ಸರ್ವರ್‌ಗಳಲ್ಲಿ ಎಕ್ಸ್‌ಎಫ್‌ಎಸ್ ತಾನಾಗಿ ಬರುತ್ತದೆ. ಎಲ್‌ವಿಎಂ ಇರುವ ಪಾರ್ಟಿಷನ್‌ಗೆ ನೇರವಾಗಿ ರಿಸೈಜ್2ಎಫ್‌ಎಸ್ ಕೊಟ್ಟರೂ ಇದೇ ಎರರ್. ಈ ಎರರ್ ನೋಡಿ ಗಾಬರಿಯಿಂದ ಫೈಲ್‌ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಲು ಹೋಗಬೇಡಿ.

ಡಿಸ್ಕ್ ಶೇ 100 ತುಂಬಿದ್ದರೆ ಗ್ರೋಪಾರ್ಟ್‌ಗೇ ಓಡಲು ಜಾಗ ಇರುವುದಿಲ್ಲ, ಅದು ‘/ಟಿಎಂಪಿ’ಯಲ್ಲಿ ಒಂದು ಚಿಕ್ಕ ಫೋಲ್ಡರ್ ಮಾಡಿಕೊಳ್ಳುತ್ತದೆ. ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಮತ್ತು ‘ಆಪ್ಟ್ ಕ್ಲೀನ್’ ಕೊಟ್ಟರೆ ಸಾಮಾನ್ಯವಾಗಿ ಸಾಕಷ್ಟು ಬಿಡುಗಡೆಯಾಗುತ್ತದೆ. 200ರ ಮುಂದಿನ ಎಂ ದೊಡ್ಡ ಅಕ್ಷರ. ಅದೂ ಆಗದಿದ್ದರೆ ‘ಮೌಂಟ್ -ಟಿ ಟಿಎಂಪಿಎಫ್‌ಎಸ್ ಟಿಎಂಪಿಎಫ್‌ಎಸ್ /ಟಿಎಂಪಿ’ ಕೊಟ್ಟು ಟಿಎಂಪಿಯನ್ನು ತಾತ್ಕಾಲಿಕವಾಗಿ ಮೆಮೊರಿಗೆ ತಂದುಕೊಳ್ಳಿ.

ವರ್ಚುವಲ್ ಮಶೀನ್‌ನಲ್ಲಿ ಡಿಸ್ಕ್ ಹಿಗ್ಗಿಸಿದರೂ ಎಲ್‌ಎಸ್‌ಬಿಎಲ್‌ಕೆಯ ಮೊದಲ ಸಾಲಿನಲ್ಲೇ ಹಳೇ ಅಳತೆ ಇದ್ದರೆ ತಡೆ ಎಲ್ಲಕ್ಕಿಂತ ಕೆಳಗಿದೆ. ‘/ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ರಿಸ್ಕ್ಯಾನ್’ ಫೈಲ್‌ಗೆ 1 ಅಂತ ಬರೆದರೆ ಕರ್ನಲ್ ಮತ್ತೆ ಅಳತೆ ಓದಿಕೊಳ್ಳುತ್ತದೆ. ವಿಎಂವೇರ್‌ನಲ್ಲಿ ಅಳತೆ ಬದಲಾಯಿಸುವ ಜಾಗವೇ ಮಂಕಾಗಿದ್ದರೆ ಹಳೇ ಸ್ನ್ಯಾಪ್‌ಶಾಟ್ ಉಳಿದಿದೆಯಾ ನೋಡಿ.

4 ಟಿಬಿ ಡಿಸ್ಕ್ ಹಾಕಿದ್ದರೂ ಪಾರ್ಟಿಷನ್ 2 ಟಿಬಿ ದಾಟುತ್ತಿಲ್ಲ ಅಂದರೆ ಟೇಬಲ್ ಜಿಪಿಟಿ ಆಗಿರದೆ ಹಳೇ ಎಂಬಿಆರ್ ಆಗಿರುತ್ತದೆ. ಅದು ಸೆಕ್ಟರ್ ನಂಬರ್‌ಗೆ 32 ಬಿಟ್ ಮಾತ್ರ ಇಟ್ಟಿದೆ. 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ ಅದರ ಮಿತಿಯೇ ಅಷ್ಟು. ಬೂಟ್ ಆಗುವ ಡಿಸ್ಕ್‌ನಲ್ಲಿ ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಿದರೆ ಬೂಟ್‌ಲೋಡರ್ ಕೂಡ ಮತ್ತೆ ಹಾಕಬೇಕು, ಸೀಸನ್ ಮುಗಿದ ಮೇಲೆ ಮಾಡಿ.

ವಿಂಡೋಸ್ ಸರ್ವರ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿದ್ದರೆ ಅದೂ ಸ್ವಾಪ್‌ನದೇ ಕಥೆ. ಸಿ ಡ್ರೈವ್‌ಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ ಕೂತಿರುತ್ತದೆ. ಅದನ್ನು ಜಿಪಾರ್ಟೆಡ್‌ನಿಂದ ಕೊನೆಗೆ ಸರಿಸಿ, ಆಮೇಲೆ ವಿಂಡೋಸ್‌ನಲ್ಲೇ ಎಕ್ಸ್‌ಟೆಂಡ್ ಮಾಡಿ. ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ತೆಗೆಯಬೇಕು.

ಕುಗ್ಗಿಸುವುದಾದರೆ

ಹಿಗ್ಗಿಸುವಾಗ ಕೆಳಗಿನಿಂದ ಮೇಲೆ. ಕುಗ್ಗಿಸುವಾಗ ಮೇಲಿನಿಂದ ಕೆಳಗೆ: ಮೊದಲು ಫೈಲ್‌ಸಿಸ್ಟಂ, ಆಮೇಲೆ ಪಾರ್ಟಿಷನ್ ಅಥವಾ ವಾಲ್ಯೂಮ್. ಇದನ್ನು ಉಲ್ಟಾ ಮಾಡಿದರೆ ಫೈಲ್‌ಸಿಸ್ಟಂನ ಬಾಲ ಕತ್ತರಿಸಿದ ಹಾಗೆ, ಅಲ್ಲಿದ್ದ ಡೇಟಾ ಹೋಗುತ್ತದೆ. ಇಎಕ್ಸ್‌ಟಿ4 ಕುಗ್ಗಿಸಲು ಅನ್‌ಮೌಂಟ್ ಮಾಡಲೇಬೇಕು, ಮೊದಲು ‘ಇ2ಎಫ್‌ಎಸ್‌ಸಿಕೆ -ಎಫ್’ ಓಡಿಸಬೇಕು. ಎಕ್ಸ್‌ಎಫ್‌ಎಸ್ ಕುಗ್ಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಬ್ಯಾಕಪ್ ತೆಗೆದು ಚಿಕ್ಕದಾಗಿ ಮತ್ತೆ ಮಾಡುವುದೊಂದೇ ದಾರಿ.

100 ಜಿಬಿಗೆ ಇಳಿಸಬೇಕಾದರೆ ಫೈಲ್‌ಸಿಸ್ಟಂ ಅನ್ನು ಮೊದಲು 90ಕ್ಕೆ ಇಳಿಸಿ. ವಾಲ್ಯೂಮ್ ಅನ್ನು 100ಕ್ಕೆ ಇಳಿಸಿ. ಕೊನೆಗೆ ಅಳತೆ ಕೊಡದೆ ರಿಸೈಜ್2ಎಫ್‌ಎಸ್ ಓಡಿಸಿದರೆ ಫೈಲ್‌ಸಿಸ್ಟಂ ತಾನೇ 100ಕ್ಕೆ ತುಂಬಿಕೊಳ್ಳುತ್ತದೆ. 1000 ಮತ್ತು 1024ರ ಗೊಂದಲದಿಂದ ತುದಿ ಕತ್ತರಿಸಿ ಹೋಗುವ ಅಪಾಯ ಇದರಿಂದ ತಪ್ಪುತ್ತದೆ.

ಜೂನ್‌ನಿಂದ ಆಗಸ್ಟ್ ತನಕ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಫೈಲ್‌ಸಿಸ್ಟಂ ಕುಗ್ಗಿಸುವ ಕೆಲಸವನ್ನು ಆ ಮಳೆಯಲ್ಲಿ ಇಟ್ಟುಕೊಳ್ಳಬೇಡಿ. ಬೇರೆ ದಾರಿಯೇ ಇಲ್ಲ ಅಂದರೆ ಯುಪಿಎಸ್ ಬ್ಯಾಟರಿ ಲೋಡ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹಿಂದಿನ ದಿನವೇ ಪರೀಕ್ಷೆ ಮಾಡಿ. ಹಸಿರು ದೀಪ ಉರಿಯುತ್ತಿದೆ ಅಂತ ನಂಬಬೇಡಿ, ಹಳೇ ಬ್ಯಾಟರಿ ಹಸಿರು ತೋರಿಸುತ್ತಲೇ ಎರಡು ನಿಮಿಷಕ್ಕೆ ಕೈ ಕೊಡುತ್ತದೆ. ಜನರೇಟರ್ ಇದ್ದರೆ ಡೀಸೆಲ್ ನೋಡಿಕೊಳ್ಳಿ.

ಬೂಟ್ ಆಗದಿದ್ದರೆ

ಎಮರ್ಜೆನ್ಸಿ ಮೋಡ್ ಅಂತ ಬಂದು ರೂಟ್ ಪಾಸ್‌ವರ್ಡ್ ಕೇಳಿದರೆ ಮುಕ್ಕಾಲು ಪಾಲು ಎಫ್‌ಎಸ್‌ಟ್ಯಾಬ್‌ನಲ್ಲಿ ಈಗ ಇಲ್ಲದ ಯಾವುದೋ ಯುಯುಐಡಿ ಇದೆ ಅಂತಲೇ ಅರ್ಥ. ‘ಬಿಎಲ್‌ಕೆಐಡಿ’ ಕೊಟ್ಟು ಬರುವ ನಂಬರ್‌ಗಳ ಜೊತೆ ಹೋಲಿಸಿ, ಸರಿಪಡಿಸಿ. ಬ್ಯಾಕಪ್ ಡಿಸ್ಕ್‌ನಂಥವಕ್ಕೆ ‘ನೋಫೇಲ್’ ಸೇರಿಸಿದರೆ ಅದು ಬರದಿದ್ದರೂ ಸರ್ವರ್ ಏಳುತ್ತದೆ.

ಯಾರಾದರೂ ಎಫ್‌ಡಿಸ್ಕ್‌ನಲ್ಲಿ ಪಾರ್ಟಿಷನ್ ಅಳಿಸಿ ಮತ್ತೆ ಮಾಡಿದ್ದು, ಆಮೇಲೆ ಮೌಂಟ್ ಆಗುತ್ತಿಲ್ಲ ಅಂದರೆ ಮೊದಲು ಶುರುವಿನ ಸೆಕ್ಟರ್ ನೋಡಿ. ಹೊಸ ಎಫ್‌ಡಿಸ್ಕ್ 2048ರಿಂದ ಶುರು ಮಾಡುತ್ತದೆ. ಹಳೇ ಡಿಸ್ಕ್‌ಗಳಲ್ಲಿ 63ರಿಂದ ಶುರುವಾದವೂ ಇವೆ. ಶುರು ಒಂದು ಸೆಕ್ಟರ್ ಆಚೀಚೆ ಆದರೂ ಫೈಲ್‌ಸಿಸ್ಟಂ ಕಾಣುವುದಿಲ್ಲ, ಆದರೆ ಡೇಟಾ ಅಲ್ಲೇ ಇರುತ್ತದೆ. ಟೇಬಲ್.ಟಿಎಕ್ಸ್‌ಟಿಯಲ್ಲಿರುವ ಹಳೇ ನಂಬರ್ ಕೊಟ್ಟು ಮತ್ತೆ ಪಾರ್ಟಿಷನ್ ಮಾಡಿ. ಸಿಗ್ನೇಚರ್ ತೆಗೆದುಹಾಕಲಾ ಅಂತ ಎಫ್‌ಡಿಸ್ಕ್ ಕೇಳಿದರೆ ನೋ ಅನ್ನಿ.

ಟೇಬಲ್‌ನ ನಕಲು ಯಾರೂ ಇಟ್ಟಿಲ್ಲದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ಟೆಸ್ಟ್‌ಡಿಸ್ಕ್’ ಓಡಿಸಿ. ಅದು ಡಿಸ್ಕ್ ಉದ್ದಕ್ಕೂ ಹುಡುಕಿ ಹಳೇ ಪಾರ್ಟಿಷನ್‌ಗಳ ಗುರುತು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಪಿ ಒತ್ತಿ ಒಳಗಿನ ಫೈಲ್‌ಗಳು ಕಾಣುತ್ತವಾ ನೋಡಿ. ಕಂಡ ಮೇಲೆ ಮಾತ್ರ ರೈಟ್ ಒತ್ತಿ. ಕಾಣದಿದ್ದರೆ ಆ ಡಿಸ್ಕ್‌ಗೆ ಇನ್ನೇನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಆಗಲಿ, ರಿಪೇರಿ ಕಮಾಂಡ್ ಆಗಲಿ. ಇನ್ನೊಂದು ಡಿಸ್ಕ್‌ಗೆ ‘ಡಿಡಿರೆಸ್ಕ್ಯೂ’ದಿಂದ ಪೂರ್ತಿ ನಕಲು ಮಾಡಿಕೊಂಡು, ಮುಂದಿನ ಪ್ರಯತ್ನವನ್ನೆಲ್ಲ ಆ ನಕಲಿನ ಮೇಲೆ ಮಾಡಿ.